ಇದ್ದ ಹಾಗೆಯೇ ಮಾರಿದ ಮನೆ

ಸಾಗರದ ನಮ್ಮ ಹಳೆಯ ಹೆಂಚಿನ ಮನೆಯನ್ನು ದುರಸ್ತಿ ಮಾಡಿಸದೆ, ಇದ್ದ ಹಾಗೆಯೇ ಮಾರುವುದೆಂದು ಅಣ್ಣ ಮತ್ತು ನಾನು ತೀರ್ಮಾನಿಸಿದಾಗ ಅಮ್ಮ ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಅಡುಗೆಮನೆಯ ಮೇಲೆ ಛಾವಣಿಯನ್ನು ಹೊರುವ ಮರದ ತೊಲೆಯಾದ ಪಕಾಸಿಯನ್ನು ಬೆರಳಿನಿಂದ ಒತ್ತಿದರೆ ಸಾಕು, ಗೆದ್ದಲು ತಿಂದ ಮರ ಹಿಟ್ಟಿನಂತೆ ಉದುರುತ್ತಿತ್ತು. ಅದನ್ನು ಬದಲಿಸಲು ಹೊರಟರೆ ಹೆಂಚು, ಅದನ್ನು ಕೂರಿಸುವ ರೀಪು ಎಲ್ಲವನ್ನೂ ಇಳಿಸಬೇಕಿತ್ತು. ನೋಡಲು ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ನಿವೇಶನದ ಅಳತೆಯನ್ನು. ಹೀಗಿರುವಾಗ ಮಾಡಿಗೆ, ಅಂದರೆ ಛಾವಣಿಗೆ, ಸುರಿದ ಹಣ ಬೆಲೆಯಲ್ಲಿ ಮರಳುತ್ತದೆಂಬ ಭರವಸೆ ನಮಗಿರಲಿಲ್ಲ.

ಆದರೆ ದುರಸ್ತಿ ಮಾಡಿಸದಿರುವುದು ಬೇರೆ, ದೋಷವನ್ನು ಮುಚ್ಚಿಡುವುದು ಬೇರೆ. ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ಗೊತ್ತಿದ್ದು ಕೊಳ್ಳುವವನ ಸಾಮಾನ್ಯ ಎಚ್ಚರಿಕೆಗೆ ಕಾಣಿಸದಂತಹ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮು ಹೇಳುತ್ತದೆ. ಕಾನೂನು ಹೇಳದಿದ್ದರೂ ನಾವು ಹೇಳಬೇಕಾಗಿತ್ತು. ಆ ಮಾಡಿನ ಕೆಳಗೆ ಇನ್ನೊಬ್ಬರ ಮಕ್ಕಳು ಮಲಗುವವರು. ಒಂದು ಕೈ ಸುಣ್ಣ ಬಳಿಸಿದರೆ ಸೋರಿದ ಕಲೆ ಕಾಣುವುದಿಲ್ಲವೆಂದ ದಲ್ಲಾಳಿಯ ಮಾತನ್ನು ಆದ್ದರಿಂದಲೇ ಒಪ್ಪಲಿಲ್ಲ. ಗೆದ್ದಲನ್ನೂ ಸೋರುವ ಮೂಲೆಯನ್ನೂ ಕರಾರು ಪತ್ರದಲ್ಲಿಯೇ ಬರೆಸಿದೆವು.

ನಮ್ಮ ಖರ್ಚು, ಓಡಾಟವೆಲ್ಲ ಕಾಗದಪತ್ರಗಳಿಗೆ ಹೋಯಿತು. ತೀರಿಕೊಂಡ ಅಪ್ಪಯ್ಯನ ಹೆಸರಿನಲ್ಲಿಯೇ ಉಳಿದಿದ್ದ ಮನೆಯ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಬಾಕಿ ಕಂದಾಯ ಕಟ್ಟಿ, ಮನೆಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತಿಳಿಸುವ ಋಣಭಾರ ಪತ್ರ ತೆಗೆಸಿದೆವು. ಗೋಡೆ ಬಿರುಕುಬಿಟ್ಟ ಮನೆಯನ್ನು ಕೊಳ್ಳುವವರಿದ್ದಾರೆ. ಖಾತೆ ಸರಿಯಿಲ್ಲದ ಮನೆಗೆ ಬ್ಯಾಂಕಿನ ಸಾಲವೂ ಸುಲಭವಾಗಿ ಸಿಗುವುದಿಲ್ಲ.

ಕೊನೆಗೆ ಕೊಂಡ ದಂಪತಿಗೆ ಅಮ್ಮನೇ ಟಾರ್ಚು ಹಿಡಿದು ಆ ಪಕಾಸಿಯನ್ನು ತೋರಿಸಿದಳು. ಅವರು ಬೆಲೆಯಲ್ಲಿ ಸ್ವಲ್ಪ ಇಳಿಸಲು ಕೇಳಿದರು, ನಾವು ಒಪ್ಪಿದೆವು.