ಆ ಮನೆಯಲ್ಲಿ ದೆವ್ವ ಇದೆಯಂತೆ, ನಿಜಾನಾ?

ತುಮಕೂರು ಜಿಲ್ಲೆಯ ನಮ್ಮೂರಿನ ಹಿಂದೆ ಊರಿನ ಕಂದಾಯ ಎತ್ತುತ್ತಿದ್ದ ಜೋಡಿದಾರರ ಹಳೇ ತೊಟ್ಟಿ ಮನೆಯಲ್ಲಿ ಈಗ ಮೂಡಲಪಾಯ, ಅಂದರೆ ಬಯಲುಸೀಮೆ ಕಡೆಯ ಯಕ್ಷಗಾನ ಕಲಿಸುತ್ತೇವೆ. ಹಾಗೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಅಮಾವಾಸ್ಯೆ ರಾತ್ರಿ ಅಟ್ಟದ ಮೇಲೆ ಹೆಂಗಸೊಬ್ಬಳು ಓಡಾಡ್ತಾಳಂತೆ, ಏದುಸಿರು ಬಿಡ್ತಾಳಂತೆ, ಹೌದಾ?"

ಸದ್ದು ಇರುವುದು ನಿಜ. ಏದುಸಿರು ಕಣಜ ಗೂಬೆಯ ಮರಿಗಳದು. ಈ ಜಾತಿಯ ಗೂಬೆ ಬುಸುಗುಡುತ್ತದೆ, ಕಿರುಚುತ್ತದೆ. ಮರಿಗಳಿಗೆ ಹಸಿವಾದರೆ ರಾತ್ರಿಯೆಲ್ಲ ಅದೇ ರಾಗ. ಟಾರ್ಚ್ ಬಿಟ್ಟರೆ ಅಟ್ಟದ ಮೂಲೆಯಲ್ಲಿ ಹೃದಯದ ಆಕಾರದ ಬೆಳ್ಳನೆ ಮುಖ ಕಾಣುತ್ತದೆ. ಗರಿಗಳ ಅಂಚು ಮೆತ್ತಗಿರುವುದರಿಂದ ತಲೆ ಮೇಲೆ ಹಾರಿಹೋದರೂ ಸಪ್ಪಳವಿಲ್ಲ. ಇನ್ನು ನಡೆದಾಡುವ ಸದ್ದು ಮರದ್ದು. ಹಗಲೆಲ್ಲ ಕಾದ ತೊಲೆ, ಜಂತೆ ರಾತ್ರಿ ತಣ್ಣಗಾಗುವಾಗ ಲಟಲಟ ಅನ್ನುತ್ತವೆ. ಗೂಬೆ ಅಪಶಕುನ, ಓಡಿಸಿ ಅನ್ನುವವರಿದ್ದಾರೆ. ಓಡಿಸಲ್ಲ. ಅದು ಇಲಿ ಹಿಡಿಯುತ್ತದೆ, ನಮ್ಮ ವೇಷದ ಬಟ್ಟೆ ಉಳಿದಿವೆ.

ಆದರೆ ಆ ಹೆಂಗಸಿನ ಕಥೆ ಸುಳ್ಳು ಅಂತ ನಾನು ಹೇಳಲಾರೆ. ಆಕೆ ಈ ಮನೆಯಲ್ಲಿ ಜೀತಕ್ಕಿದ್ದವಳು, ಹಿತ್ತಲ ಬಾವಿಗೆ ಬಿದ್ದು ಸತ್ತಳು ಅಂತ ಹಿರಿಯರು ಹೇಳುತ್ತಾರೆ. ಆಗ ನಮ್ಮದು ಜೋಡಿ ಗ್ರಾಮ, ಅಂದರೆ ಊರಿನ ಕಂದಾಯ ಎತ್ತುವ ಹಕ್ಕು ಜೋಡಿದಾರರದು. ಸರ್ಕಾರಕ್ಕೆ ಅವರು ಕಟ್ಟುತ್ತಿದ್ದದ್ದು ಅದರಲ್ಲಿ ಒಂದು ಪಾಲು ಮಾತ್ರ. ಇಂಥ ಕೊಡುಗೆ ಹಕ್ಕುಗಳನ್ನು ತೆಗೆದುಹಾಕಿದ 1954ರ ಇನಾಂ ರದ್ದತಿ ಕಾಯ್ದೆ ಬರುವವರೆಗೆ ಹೀಗೇ ನಡೆದಿತ್ತು. ಅಂಥ ಮನೆಯಲ್ಲಿ ಜೀತದವಳಿಗೆ ಏನಾಯಿತು ಅಂತ ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗಿತ್ತು? ಆಕೆ ಇನ್ನೂ ಅಟ್ಟದಲ್ಲಿದ್ದಾಳೆ ಅಂತ ಮಕ್ಕಳಿಗೆ ಹೇಳುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಗಾಗಿ ಆಕೆಯನ್ನು ಊರು ಮರೆಯಲಿಲ್ಲ ಅಂತ ನನಗನ್ನಿಸುತ್ತದೆ.

ಬೆಂಗಳೂರಿನಿಂದ ಬಂದ ಕೆಲವರು 'ದೆವ್ವದ ರಾತ್ರಿ' ಅಂತ ಟಿಕೆಟ್ ಇಡೋಣ, ರಿಪೇರಿಗೆ ದುಡ್ಡಾಗುತ್ತೆ ಅಂದರು. ದುಡ್ಡು ಬೇಕೇ ಬೇಕು. ಸೋರುವ ಕಡೆ ನಾಡಹೆಂಚು ಕೈಯಾಡಿಸಬೇಕು. ಹಳೇ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತುಬಿಡುತ್ತದೆ, ಸುಣ್ಣದ ಗಾರೆಯೇ ಆಗಬೇಕು. ಆ ಕೆಲಸ ಬಲ್ಲವರು ಕಮ್ಮಿ, ಖರ್ಚು ಜಾಸ್ತಿ. ಆದರೂ ಒಪ್ಪಲಿಲ್ಲ. ಆಕೆಯ ಮನೆಯವರು ಇದೇ ಊರಿನಲ್ಲಿದ್ದಾರೆ. ಆ ಮನೆಯ ಹುಡುಗಿ ನಮ್ಮಲ್ಲೇ ತಾಲೀಮಿಗೆ ಬರುತ್ತಾಳೆ. ಜೋಡಿದಾರರು ಕೂತು ಲೆಕ್ಕ ಕೇಳುತ್ತಿದ್ದ ಪಡಸಾಲೆಯಲ್ಲೇ ಗೆಜ್ಜೆ ಕಟ್ಟಿ, ಭುಜಕೀರ್ತಿ ಬಿಗಿದು ಬಬ್ರುವಾಹನನ ಪಾತ್ರ ಕುಣಿಯುತ್ತಾಳೆ. ಅವಳ ಎದುರು ಅವಳ ಅಜ್ಜಿಯ ಅಜ್ಜಿಯನ್ನು ತೋರಿಸಿ ಹೆದರಿಸುವ ಆಟ ಆಡೋದಾ?

ಬರುವುದಾದರೆ ತಾಲೀಮು ಇರುವ ಸಂಜೆ ಬನ್ನಿ. ಮೂಡಲಪಾಯದ ಹಿಮ್ಮೇಳದ ವಾದ್ಯ ಮುಖವೀಣೆ ಊದುವವರು ಈಗ ಬಹಳ ಕಮ್ಮಿ. ನಮ್ಮಲ್ಲಿ ಊದುವ ಅಜ್ಜನ ಹತ್ತಿರ ಕಲಿಯೋಕೆ ಯಾರಾದರೂ ಹುಡುಗರಿದ್ದರೆ ಜೊತೆಗೆ ಕರೆದುಕೊಂಡು ಬನ್ನಿ.