ಬೋಟ್ ಅಲುಗಾಡಿದರೂ ಹಕ್ಕಿ ಯಾಕೆ ಅಲುಗಾಡಿಲ್ಲ?

ಭದ್ರಾ ಹಿನ್ನೀರಿನಲ್ಲಿ ತೆಗೆದ ರಿವರ್ ಟರ್ನ್ ಹಕ್ಕಿಯ ಫೋಟೋ ಹಾಕಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ: "ಅಲುಗಾಡೋ ಬೋಟಲ್ಲಿ ಕೂತು ಇಷ್ಟು ಶಾರ್ಪ್ ಹೇಗೆ ಸಾರ್? ಎಲ್ಲಾ ಎಡಿಟಿಂಗಾ?"

ಅಲ್ಲ. ನಾಯ್ಸ್ (ಕಾಳುಕಾಳು ಚುಕ್ಕಿ) ಇರುವ ಫೋಟೋವನ್ನು ಮನೆಯಲ್ಲಿ ಕೂತು ಸರಿ ಮಾಡಬಹುದು. ಅಲುಗಾಡಿ ಕಲಸಿಹೋದ ಹಕ್ಕಿಗೆ ಮಾತ್ರ ಯಾವ ಸಾಫ್ಟ್‌ವೇರೂ ನಿಜವಾದ ಗರಿ ತಂದುಕೊಡುವುದಿಲ್ಲ. ಹಾಗಾಗಿ ನಾನು ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು, ಸೆಕೆಂಡಿನ 1/2000ಕ್ಕಿಂತ ನಿಧಾನ ಮಾಡುವುದಿಲ್ಲ. ಟರ್ನ್ ಮೀನಿಗೆ ಧುಮುಕುವಾಗ 1/3200. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಐಎಸ್ಒ (ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್, ಏರಿದಷ್ಟೂ ನಾಯ್ಸ್) ಆಟೋಗೆ ಬಿಡುತ್ತೇನೆ. ಬೆಳಗಿನ ಹೊತ್ತು ಐಎಸ್ಒ 3200ಕ್ಕೆ ಹೋದರೆ ಹೋಗಲಿ. ನಾಯ್ಸಿಗೆ ಹೆದರಿ 400ಕ್ಕೆ ಕಟ್ಟಿಹಾಕಿದರೆ ಶಟರ್ ನಿಧಾನ ಮಾಡಬೇಕಾಗುತ್ತದೆ, ಆಗ ಫೋಟೋದಲ್ಲಿ ನಾಯ್ಸೂ ಇರಲ್ಲ, ಹಕ್ಕಿಯ ಕಣ್ಣೂ ಇರಲ್ಲ.

ಟ್ರೈಪಾಡ್ ಮನೆಯಲ್ಲೇ ಇರಲಿ. ಎಂಜಿನ್ ನಡುಕ ಬೋಟಿನ ತಳದಿಂದ ಅದರ ಕಾಲುಗಳ ಮೂಲಕ ನೇರ ಲೆನ್ಸಿಗೇ ಏರುತ್ತದೆ. ಕಂಬಿ ಮೇಲೆ ಮೊಣಕೈ ಊರಿದರೂ ಅದೇ ಕಥೆ. ಕೂತುಕೊಂಡು, ಮೊಣಕೈ ಪಕ್ಕೆಗೆ ಒತ್ತಿ, ಸೊಂಟ ಸಡಿಲ ಬಿಡಿ. ಅಲೆಯ ಕುಲುಕಾಟ ಮುಕ್ಕಾಲು ಭಾಗ ಮೈಯಲ್ಲೇ ಕಳೆದುಹೋಗುತ್ತದೆ.

ಇದಕ್ಕಿಂತ ಜಾಸ್ತಿ ಕೆಲಸ ಬೋಟ್ ನಡೆಸುವವರ ಕೈಯಲ್ಲಿದೆ. ಹತ್ತುವಾಗಲೇ ಹೇಳಿ: "ಅಣ್ಣಾ, ಬಿಸಿಲು ಬೆನ್ನಿಗೆ ಬರೋ ಹಾಗೆ ತಗೊಳ್ಳಿ. ದೂರದಲ್ಲೇ ಎಂಜಿನ್ ಆಫ್ ಮಾಡಿ, ತೇಲ್ತಾ ಇರೋಣ." ಗಾಳಿ ಎತ್ತಲಿಂದ ಬೀಸುತ್ತಿದೆ ಅಂತಲೂ ನೋಡಿಕೊಳ್ಳಿ. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುತ್ತದೆ, ಇಳಿಯುತ್ತದೆ. ಬಿಸಿಲು, ಗಾಳಿ ಎರಡೂ ನಿಮ್ಮ ಬೆನ್ನಿಗಿದ್ದರೆ ಅದರ ಮುಖ ನಿಮ್ಮ ಕಡೆಗೇ ಸಿಗುತ್ತದೆ.

ದೂರದಲ್ಲೇ ಅಂದೆ, ಅಲ್ವಾ? ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ಟರ್ನ್‌ಗಳು ಅಲ್ಲಿ ಮೊಟ್ಟೆ ಇಡುತ್ತವೆ. ಗೂಡು ಅಂದರೆ ಬರಿನೆಲದಲ್ಲಿ ಒಂದು ಸಣ್ಣ ಗುಳಿ, ಅಷ್ಟೆ. ಬೋಟಿಗೆ ಹೆದರಿ ತಾಯಿ ಎದ್ದರೆ ಮೊಟ್ಟೆ ಉರಿಬಿಸಿಲಿಗೆ ಬೀಳುತ್ತದೆ. ಮೇಲೆ ಹದ್ದು ಬೇರೆ ಸುತ್ತುತ್ತಿರುತ್ತದೆ. ಎಂಥಾ ಲೆನ್ಸ್ ಇದ್ದರೂ ಆ ಫೋಟೋ ನನಗೆ ಬೇಡ.

ಇನ್ನು ಎಡಿಟಿಂಗ್. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ತೆರೆದು ಮೊದಲು ನೀರಿನ ಗೆರೆ ನೆಟ್ಟಗೆ ಮಾಡುತ್ತೇನೆ. ಬೋಟಲ್ಲಿ ತೆಗೆದ ಫ್ರೇಮ್ ಓರೆ ಆಗೇ ಆಗುತ್ತದೆ. ತಿರುಗಿಸಿದರೆ ಅಂಚು ಕಟ್ ಆಗುತ್ತದೆ, ಆದ್ದರಿಂದ ತೆಗೆಯುವಾಗಲೇ ರೆಕ್ಕೆಯ ಸುತ್ತ ಜಾಗ ಬಿಡಿ. ನಾಯ್ಸ್ ತೆಗೆಯುವುದು ನೀರಿನ ಮೇಲೆ, ಶಾರ್ಪ್ ಮಾಡುವುದು ಹಕ್ಕಿಯ ಮೇಲೆ ಮಾತ್ರ.

ಕಷ್ಟ ಇರುವುದು ಟರ್ನಿನ ತಲೆಯಲ್ಲಿ. ಮೈ ತೆಳು ಬೂದು, ಕೊಕ್ಕು ಹಳದಿ, ತಲೆಗೆ ಕಪ್ಪು ಟೊಪ್ಪಿ, ಆ ಕಪ್ಪಿನೊಳಗೇ ಕಪ್ಪು ಕಣ್ಣು. ಎಡಿಟಿಂಗಲ್ಲಿ ಕತ್ತಲ ಭಾಗವನ್ನು ಸ್ವಲ್ಪ ಬೆಳಗಿಸದಿದ್ದರೆ ಕಣ್ಣೇ ಕಾಣಲ್ಲ, ಜಾಸ್ತಿ ಬೆಳಗಿಸಿದರೆ ಟೊಪ್ಪಿ ಬೂದಿ ಬಳಿದ ಹಾಗಾಗುತ್ತದೆ. ಕಣ್ಣಲ್ಲಿ ಬಿಸಿಲಿನ ಚುಕ್ಕಿ ಬಿದ್ದ ಫ್ರೇಮನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಎದೆಯ ಬಿಳಿ ಉಳಿಯಬೇಕಾದರೆ ತೆಗೆಯುವಾಗಲೇ ಎಕ್ಸ್‌ಪೋಷರ್ -0.7 ಇಟ್ಟುಕೊಳ್ಳಿ, ಅಂದರೆ ಕ್ಯಾಮೆರಾ ಲೆಕ್ಕಕ್ಕಿಂತ ಸ್ವಲ್ಪ ಕಮ್ಮಿ ಬೆಳಕು. ಕಪ್ಪು ನೀರು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿಬಿಡುತ್ತದೆ. ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿಗೂ ಇದೇ ಮಾತು.

ಬಿಸಿಲೇರಿ ನೀರಿನ ಮೇಲಿನ ಗಾಳಿ ಕುದಿಯತೊಡಗಿದರೆ ಮಾತ್ರ 1/4000 ಇಟ್ಟರೂ ದೂರದ ಹಕ್ಕಿ ಕಲಸಿದಂತೆಯೇ ಬರುತ್ತದೆ. ಅಷ್ಟು ಹೊತ್ತಿಗೆ ನಾನು ಕ್ಯಾಮೆರಾ ಬ್ಯಾಗಿಗೆ ಹಾಕಿ, ಭದ್ರಾ ಅಣೆಕಟ್ಟೆಯ ಊರು ಲಕ್ಕವಳ್ಳಿಯಲ್ಲಿ ತಿಂಡಿಗೆ ಕೂತಿರುತ್ತೇನೆ.