ಸೊನ್ನೆ ಬರೆಯಲು ಕಲಿಸಿದ ಮೇಷ್ಟ್ರು

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಸಿರುಗುಪ್ಪದ ಕಡೆ ಎರೆಹೊಲದ ಬದುವಿನ ಮೇಲೆ ದುರ್ಬೀನು ಹಿಡಿದು ಕೂತಿದ್ದೆ. ಎದ್ದು ಹೊರಟುಬಿಡೋಣ ಅನ್ನಿಸಿತು. ಏಳಲಿಲ್ಲ. ಒಂಬತ್ತರವರೆಗೆ ಕೂರಬೇಕಿತ್ತು, ಅರ್ಧಕ್ಕೆ ಎದ್ದಿದ್ದರೆ ಅವರೇ ಒಪ್ಪುತ್ತಿರಲಿಲ್ಲ.

ಮೂರು ವರ್ಷದ ಬಿ.ಎಸ್ಸಿ.ಯಲ್ಲಿ ಓದಿದ್ದು ಬಹುಪಾಲು ಮರೆತುಹೋಗಿದೆ. ಮರೆಯದಿರುವುದು ಭಾನುವಾರದ ಬೆಳಗುಗಳು. ಕಾಲೇಜಿನ ಹಿಂದಿನ ಕೆರೆ ಏರಿಯ ಮೇಲೆ ಆರರಿಂದ ಒಂಬತ್ತರವರೆಗೆ ಕೂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆಯಬೇಕು. ಅಂಕಕ್ಕೆ ಸಂಬಂಧವಿಲ್ಲದ ಕೆಲಸ. ಮೇಷ್ಟ್ರು ಹೇಳಿದರು, ನಾವು ಹೋದೆವು, ಅಷ್ಟೆ.

ಜುಲೈ ತಿಂಗಳ ಒಂದು ಭಾನುವಾರ ಜಡಿಮಳೆ. ನಾವು ಮೂವರು ಹಾಸ್ಟೆಲಿನಲ್ಲೇ ಹೊದ್ದು ಮಲಗಿ, ಸಂಜೆ ಹಳೆಯ ಪುಟಗಳನ್ನು ನೋಡಿಕೊಂಡು ಹೊಸ ಪಟ್ಟಿ ಹೊಸೆದೆವು. ಬೆಳ್ಳಕ್ಕಿ ಹನ್ನೊಂದು, ನೀರುಕಾಗೆ ನಾಲ್ಕು. ನಂಬಿಕೆ ಬರಲಿ ಎಂದು ಕೊನೆಗೆ ನಾನೇ ‘ಬೂದು ಕುಂಡೆಕುಸ್ಕ, ಎರಡು’ ಎಂದು ಸೇರಿಸಿದೆ.

ಮಾರನೆಯ ದಿನ ಮೇಷ್ಟ್ರು ಪುಸ್ತಕ ನೋಡಿ ಕೇಳಿದರು: “ಈ ಎರಡು ಯಾವ ದಿಕ್ಕಿನಿಂದ ಬಂದವಪ್ಪಾ?”

“ಉತ್ತರದ ಕಡೆಯಿಂದ ಸಾರ್.”

“ಸರಿಯೇ. ಉತ್ತರದಿಂದಲೇ ಬರ್ತಾವೆ, ಹಿಮಾಲಯದ ಕಡೆಯಿಂದ. ಆದರೆ ಅವು ಇಲ್ಲಿಗೆ ಬರೋಕೆ ಇನ್ನೂ ಎರಡು ತಿಂಗಳಿದೆ.”

ಬೈಯಲಿಲ್ಲ. ಮುಂದಿನ ಭಾನುವಾರ ತಾವೇ ನಮ್ಮೊಂದಿಗೆ ಬಂದು ಕೂತರು. ಅವತ್ತೂ ಮಳೆ, ಮೂರು ಗಂಟೆ ಒಂದು ಹಕ್ಕಿಯೂ ಹಾರಲಿಲ್ಲ. ಒಂಬತ್ತಕ್ಕೆ ಪುಸ್ತಕ ನನ್ನ ಕೈಗೆ ಕೊಟ್ಟು, “ಬರಿ, ಸೊನ್ನೆ. ವೇಳೆ ಹಾಕು, ಮಳೆ ಅಂತಲೂ ಹಾಕು. ಕೂತು ನೋಡಿ ಬರೆದ ಸೊನ್ನೆಗೆ ಬೆಲೆ ಇದೆ ಕಣೋ” ಎಂದರು. ನೆನೆದ ಕಾಗದದ ಮೇಲೆ ನಾನು ಬರೆದ ಮೊದಲ ಸೊನ್ನೆ ಅದು.

2011ರಲ್ಲಿ ಕ್ಷೇತ್ರ ಸಹಾಯಕನಾಗಿ ಕೆಲಸಕ್ಕೆ ಸೇರಿದೆ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ತನ್ನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ದೊರವಾಯನ ಹಕ್ಕಿಯನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಳಿವಿನ ತೀರಾ ಅಂಚಿಗೆ ಸರಿಸಿತ್ತು. ಕುರಿಗಾಹಿಗಳ ಬಾಯಲ್ಲಿ ಅದು ಎರೆಭೂತ. ಮೀಟರಿನಷ್ಟು ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಗುತ್ತದೆ. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಕುರಿ ತುಳಿದರೂ ಹೋಯಿತು, ನಾಯಿ ಮೂಸಿದರೂ ಹೋಯಿತು. ಹಾರುವಾಗ ಎದುರಿನ ವಿದ್ಯುತ್ ತಂತಿ ಅದರ ಕಣ್ಣಿಗೆ ಬೇಗ ಬೀಳುವುದಿಲ್ಲ. ಕಂಡಾಗ ಆ ಭಾರದ ಮೈಯನ್ನು ತಿರುಗಿಸಲು ಹೊತ್ತಿರುವುದಿಲ್ಲ. ಈಗ ದೇಶದಲ್ಲೆಲ್ಲ ಸೇರಿ ನೂರೈವತ್ತರ ಆಸುಪಾಸು ಉಳಿದಿವೆ, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ.

ನಮ್ಮ ಯೋಜನೆಯಲ್ಲಿ ಕೆಲಸವೆಂದರೆ ಈ ಹಕ್ಕಿಯನ್ನು ಹುಡುಕಿಕೊಂಡು ಜೀಪಿನಲ್ಲಿ ನಿಧಾನ ಸಾಗುತ್ತ, ಎರಡು ಕಿಲೋಮೀಟರಿಗೊಮ್ಮೆ ಇಳಿದು ಸುತ್ತ ನೋಡಿ, ಬರೆಯುವುದು. ಮೊದಲು ಹೋದದ್ದು ರಾಣೆಬೆನ್ನೂರಿಗೆ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದ ಅಭಯಾರಣ್ಯ. ಒಂದು ಕಾಲಕ್ಕೆ ಈ ಹಕ್ಕಿಯ ನೆಲೆ. ಹುಲ್ಲುಗಾವಲನ್ನು ಪಾಳು ಎಂದು ತಿಳಿದು ನೀಲಗಿರಿ ನೆಟ್ಟರು. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ ಬದುಕುವ ಹಕ್ಕಿಗೆ ಮರದ ಗೋಡೆ ಎದ್ದರೆ ಎಲ್ಲಿ ನಿಂತೀತು? ನೀಲಗಿರಿಯ ಸಾಲುಗಳ ನಡುವೆ ನಿಂತು ದಿನವೂ ಸೊನ್ನೆ ಬರೆದೆ. ಮರ ನೆಟ್ಟೇ ಒಂದು ಜೀವವನ್ನು ಹೊರಗಟ್ಟಬಹುದು ಎಂದು ನನಗೆ ಯಾವ ಪಠ್ಯದಲ್ಲೂ ಹೇಳಿರಲಿಲ್ಲ.

ಆ ಯೋಜನೆಯ ಹಿರಿಯರೊಬ್ಬರು, ಏನೂ ಕಾಣದ ದಿನಗಳನ್ನು ವರದಿಯಿಂದ ತೆಗೆದುಹಾಕು ಎಂದರು. ಓದುವವರಿಗೆ ಬೇಸರವಂತೆ. ನಾನು ತೆಗೆಯಲಿಲ್ಲ. ಕೆಲಸ ಹೋಗುವ ಹೆದರಿಕೆಯಿತ್ತು, ನಿಜ. ಆದರೂ ತೆಗೆಯಲಿಲ್ಲ. ಹಕ್ಕಿ ಎಲ್ಲಿಂದ ಕಾಲ್ತೆಗೆಯಿತು ಎಂಬುದಕ್ಕೆ ಆ ಪುಟಗಳಲ್ಲದೆ ಬೇರೆ ಸಾಕ್ಷಿ ಏನಿದೆ? ಇಂದು ನನ್ನ ಟಿಪ್ಪಣಿಗಳನ್ನು ಹಿರಿಯ ವಿಜ್ಞಾನಿಗಳು ಕೇಳಿ ಪಡೆಯುತ್ತಾರೆ. “ಇವನು ಬರೆದಿದ್ದರೆ ಮತ್ತೆ ನೋಡಬೇಕಿಲ್ಲ” ಎಂದು ಒಬ್ಬರು ತುಂಬಿದ ಸಭೆಯಲ್ಲಿ ಅಂದರು. ಆ ಮಾತು ನನಗೆ ಪದವಿಗಿಂತ ದೊಡ್ಡದು.

ಈಗ ನನ್ನೊಂದಿಗೆ ಫೀಲ್ಡಿಗೆ ಬರುವ ಹುಡುಗ ಹುಡುಗಿಯರು ಜಾಣರು. ಕೂಗು ಕೇಳಿಯೇ ಹೆಸರು ಹೇಳುತ್ತಾರೆ, ನನಗಿಂತ ಬೇಗ. ಆದರೆ ಅರ್ಧ ಗಂಟೆ ಏನೂ ಕಾಣದಿದ್ದರೆ ಚಡಪಡಿಸುತ್ತಾರೆ. ತಪ್ಪು ಅವರದಲ್ಲ. ಗೆಳೆಯರ ರೆಕಾರ್ಡ್ ನೋಡಿ ಬರೆದರೂ ಅಂಕ ಬೀಳುವ ಕಡೆ, ಮಳೆಯಲ್ಲಿ ಪಕ್ಕಕ್ಕೆ ಕೂರುವ ಮೇಷ್ಟ್ರು ಅವರಿಗೆ ಸಿಕ್ಕಿಲ್ಲ.

ಮೇಷ್ಟ್ರು ಇನ್ನೂ ಇದ್ದಾಗಿನ ಮಾತು. ಸಿರುಗುಪ್ಪದಲ್ಲಿ ಇಪ್ಪತ್ಮೂರನೆಯ ದಿನ, ಬಿಸಿಲೇರುವ ಮುನ್ನ, ಕಡಲೆ ಹೊಲದಾಚೆಯ ಹುಲ್ಲಿನಲ್ಲಿ ಉದ್ದನೆಯ ಬಿಳಿಗತ್ತು ಎದ್ದಿತು. ಎರಡು ನಿಮಿಷ ನಿಂತು ಮತ್ತೆ ತಗ್ಗಿತು. ನನ್ನ ಕೈ ನಡುಗುತ್ತಿತ್ತು. ಹಿಂದೆ ಇನ್ನೊಂದಿತ್ತು ಎಂದು ಜೊತೆಗಾರ ಆಣೆಯಿಟ್ಟ. ನಾನು ಕಂಡಿರಲಿಲ್ಲ. ಒಂದು ಎಂದೇ ಬರೆದೆ.

ಅಂದೇ ಮೇಷ್ಟ್ರಿಗೆ ಕಾರ್ಡು ಹಾಕಿದೆ. ವಾರದಲ್ಲಿ ಉತ್ತರ ಬಂತು: “ಸಂತೋಷ. ಎಷ್ಟು ಗಂಟೆಗೆ? ಎಷ್ಟು ದೂರದಲ್ಲಿ? ಗಂಡೋ ಹೆಣ್ಣೋ?”

ಗಂಡಿನ ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಇರುತ್ತದೆ. ಹುಲ್ಲು ಎದೆಮಟ್ಟ ಬೆಳೆದಿತ್ತು. ವೇಳೆ, ದೂರ ಎರಡನ್ನೂ ಬರೆದು, ಮೂರನೆಯ ಪ್ರಶ್ನೆಗೆ ‘ತಿಳಿಯಲಿಲ್ಲ’ ಎಂದು ಮರುಟಪಾಲಿನಲ್ಲಿ ಕಳಿಸಿದೆ.